ಮುರಿದ ಟಿಡಿಎಸ್ ಮತ್ತು ನಾಲ್ಕು ನೋಟಿಸು

ಒಕ್ಕಲುತನದ ಉತ್ಪನ್ನಕ್ಕೆ ಆದಾಯ ತೆರಿಗೆ ಇಲ್ಲ, ಆದ್ದರಿಂದ ಆ ಇಲಾಖೆಗೂ ನಮಗೂ ಸಂಬಂಧವೇ ಇಲ್ಲ ಎಂದು ನಾನು ಐವತ್ತೈದು ವರ್ಷ ನಂಬಿದ್ದೆ. ಮೊದಲ ಮಾತು ನಿಜ. 1961ರ ಕಾಯ್ದೆಯ ಕಲಂ 10(1) ಅದನ್ನೇ ಹೇಳುತ್ತದೆ. ಎರಡನೇ ಮಾತು ಸುಳ್ಳು. ಅದನ್ನು ಕಲಿಯಲು ನನಗೆ ಎಂಟು ತಿಂಗಳು ಹಿಡಿಯಿತು, ರೊಕ್ಕವೂ ಹೋಯಿತು. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯಲ್ಲಿ ಇನ್ನೂ ಎಷ್ಟೋ ಮಂದಿ ಇದೇ ಗೋಜಲಿನಲ್ಲಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲನಲ್ಲ, ಲೆಕ್ಕಪರಿಶೋಧಕನೂ ಅಲ್ಲ. ತೊಗರಿ, ಕಡಲೆ, ಜೋಳ ಬೆಳೆಯುವವನು.

ನಮ್ಮ ಕಡೆ ಹೊಲ ಕಳೆದುಕೊಳ್ಳದ ಊರು ಕಡಿಮೆ. ಬೆಣ್ಣೆತೊರಾಕ್ಕೆ ಹೋಯಿತು, ಕೆಳದಂಡೆ ಮುಲ್ಲಾಮಾರಿಗೆ ಹೋಯಿತು, ಗದಗ-ವಾಡಿ ರೈಲು ದಾರಿಗೆ ಹೋಯಿತು. ನೆಲದಡಿ ಸುಣ್ಣಕಲ್ಲು ಇರುವುದರಿಂದ ಸಿಮೆಂಟ್ ಕಾರ್ಖಾನೆಗಳಿಗೆ ಹೋದದ್ದಂತೂ ಬೇರೆಯೇ. ನಮ್ಮ ಮನೆಯ 3 ಎಕರೆ 12 ಗುಂಟೆ ಒಂದು ಕಾಲುವೆಗೆ ಹೋಗಿತ್ತು. ಮೊದಲು ಕೊಟ್ಟ ಪರಿಹಾರ ಸಾಲದೆಂದು ಊರಿನವರೆಲ್ಲ ಕೂಡಿ ಕೋರ್ಟಿಗೆ ಹೋದೆವು. ಹಲವು ವರ್ಷ ಎಳೆದ ಮೇಲೆ ಹೆಚ್ಚುವರಿ ಪರಿಹಾರ ಮಂಜೂರಾಗಿ, 2022ರ ಅಕ್ಟೋಬರಿನಲ್ಲಿ ರೊಕ್ಕ ಕೈಗೆ ಬಂತು. ಅದರಲ್ಲಿ ಅಸಲು ಪರಿಹಾರ ಬೇರೆ, ಬಡ್ಡಿ ಬೇರೆ. 1894ರ ಹಳೇ ಭೂಸ್ವಾಧೀನ ಕಾಯ್ದೆಯ ಕಲಂ 28ರಲ್ಲಿ ಮೊದಲ ವರ್ಷಕ್ಕೆ ಶೇ. 9, ಆಮೇಲಿನ ವರ್ಷಗಳಿಗೆ ಶೇ. 15 ಬಡ್ಡಿ ಇದೆ. ಕೇಸು ಎಳೆದಷ್ಟೂ ಬಡ್ಡಿ ಬೆಳೆಯುತ್ತದೆ. ನನ್ನ ಪಾಲಿಗೆ ಬಂದ ಬಡ್ಡಿ 6,80,000 ರೂಪಾಯಿ. ಅದರಲ್ಲಿ ಶೇ. 10ರಂತೆ 68,000 ರೂಪಾಯಿ ಟಿಡಿಎಸ್ ಮುರಿದುಕೊಂಡು ಉಳಿದದ್ದನ್ನು ಕೊಟ್ಟರು.

ಆ ವರ್ಷ ತೊಗರಿಗೆ ನೆಟೆ ರೋಗ ಬಡಿದದ್ದು ನಮ್ಮ ಜಿಲ್ಲೆಯವರಿಗೆ ನೆನಪಿದ್ದೇ ಇರುತ್ತದೆ. ಹೂವು-ಕಾಯಿ ಹೊತ್ತಲ್ಲೇ ಗಿಡ ಒಣಗಿ ನಿಂತವು. ಬಂದ ಪರಿಹಾರದಲ್ಲಿ ಮನೆಯ ಹಳೇ ಸಾಲ ತೀರಿತು, ಮಗಳ ಮದುವೆ ಆಯಿತು. ಮುಂದಿನ ಬಿತ್ತನೆಗೆ ಮತ್ತೆ ಗಂಜಿನ ಅಡತಿ ಅಂಗಡಿಯಲ್ಲಿ 60,000 ಎತ್ತಿದೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ. "ಟಿಡಿಎಸ್ ರೊಕ್ಕ ವಾಪಸ್ ಬರ್ತದರಿ, ಬಂದಕೂಡ್ಲೆ ಕಟ್ತೀನಿ" ಎಂದು ಮಾತು ಕೊಟ್ಟೆ.

ಮೊದಲ ತಪ್ಪು ಎಲ್ಲಾಯಿತು

2023ರ ಜುಲೈಯಲ್ಲಿ ತಾಲ್ಲೂಕಿನ ಊರಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಪಹಣಿ, ಬೆಳೆ ವಿಮೆ, ಪರೀಕ್ಷೆಯ ಅರ್ಜಿ ಎಲ್ಲ ತುಂಬುವ ಹುಡುಗ. ರಿಟರ್ನನ್ನೂ ತುಂಬುತ್ತಾನೆ.

"ಕಾಕಾ, ಇದು ಹೊಲದ ರೊಕ್ಕ ಅದ. ಹೊಲದ ರೊಕ್ಕಕ್ಕ ಟ್ಯಾಕ್ಸ್ ಇಲ್ಲ. ಎಲ್ಲಾ ಮಾಫಿದಾಗ ಹಾಕ್ತೀನಿ. ತಿಂಗಳದಾಗ 68 ಸಾವಿರ ಖಾತಾಕ್ಕ ಬೀಳ್ತದ" ಅಂದ. 1,500 ರೂಪಾಯಿ ತೆಗೆದುಕೊಂಡ. ನನಗೆ ಇಮೇಲ್ ಇಲ್ಲ, ಅದಕ್ಕೆ ತನ್ನದನ್ನೇ ಹಾಕಿದ.

ಈ ಎರಡು ವಾಕ್ಯದಲ್ಲೇ ಮುಂದಿನ ಎಲ್ಲ ತೊಂದರೆ ಅಡಗಿತ್ತು. ಹುಡುಗನನ್ನು ಬಯ್ಯಲಾರೆ, ಅವನು ಹೇಳಿದ್ದನ್ನು ನಾನೂ ನಂಬಿದ್ದೆ.

ಹೊಲದ ರೊಕ್ಕಕ್ಕೆ ತೆರಿಗೆ ಇಲ್ಲ ಎನ್ನುವ ಮಾತನ್ನು ಬಿಡಿಸಿ ನೋಡಬೇಕು. ಬೆಳೆ ಮಾರಿದ ಹಣ ಒಂದು. ಹೊಲಕ್ಕೆ ಬಂದ ಪರಿಹಾರ ಇನ್ನೊಂದು. ಪರಿಹಾರದ ಮೇಲಿನ ಬಡ್ಡಿ ಮತ್ತೊಂದು. ಮೂರೂ ಹೊಲದಿಂದಲೇ ಬಂದರೂ ಕಾಯ್ದೆಯ ಕಣ್ಣಿಗೆ ಮೂರು ಬೇರೆ ಬೇರೆ ಜಾತಿ.

ಬೆಳೆಯ ಹಣಕ್ಕೆ ತೆರಿಗೆ ಇಲ್ಲ. ಗ್ರಾಮೀಣ ಕೃಷಿ ಜಮೀನಿನ ಪರಿಹಾರಕ್ಕೂ ಇಲ್ಲ, ಯಾಕೆಂದರೆ ಅಂಥ ಜಮೀನು ಬಂಡವಾಳ ಆಸ್ತಿಯ ವ್ಯಾಖ್ಯೆಯೊಳಗೇ ಬರುವುದಿಲ್ಲ. 2013ರ ಹೊಸ ಭೂಸ್ವಾಧೀನ ಕಾಯ್ದೆಯ ಪ್ರಕಾರ ತೆಗೆದುಕೊಂಡಿದ್ದರೆ ಅದರ ಕಲಂ 96ರಲ್ಲೇ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ ಎಂದಿದೆ. 2016ರ ಅಕ್ಟೋಬರಿನ 36ನೇ ಸುತ್ತೋಲೆಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿಯೂ ಅದನ್ನು ಒಪ್ಪಿದೆ.

ಗ್ರಾಮೀಣ ಎಂದರೆ ಯಾವುದು? ಇದು ನಮ್ಮ ಐದೂ ಊರಿನವರು ತಿಳಿಯಬೇಕಾದ ವಿಷಯ. ಹತ್ತು ಸಾವಿರಕ್ಕಿಂತ ಹೆಚ್ಚು, ಒಂದು ಲಕ್ಷದವರೆಗೆ ಜನಸಂಖ್ಯೆ ಇರುವ ಊರಾದರೆ, ಅದರ ಪುರಸಭೆಯ ಗಡಿಯೊಳಗಿನ ಹೊಲವೂ, ಗಡಿಯಿಂದ 2 ಕಿಲೋಮೀಟರ್ ಒಳಗಿನ ಹೊಲವೂ ಗ್ರಾಮೀಣ ಅಲ್ಲ. 2011ರ ಜನಗಣತಿಯಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಐದೂ ಇದೇ ಲೆಕ್ಕದಲ್ಲಿ ಬರುತ್ತವೆ. 2 ಕಿಲೋಮೀಟರ್ ಎಂದರೆ ರಸ್ತೆ ಅಳತೆಯಲ್ಲ, ಹಕ್ಕಿ ಹಾರುವ ನೇರ ಅಳತೆ. 2013ರ ಹಣಕಾಸು ಕಾಯ್ದೆ ಹಾಗೆ ಮಾಡಿತು. ಕಾರ್ಖಾನೆಗೆ ಖರೀದಿ ಪತ್ರ ಮಾಡಿಕೊಟ್ಟು ಹೊಲ ಮಾರುವವರಿಗೆ ಈ ಅಳತೆ ಬಹಳ ಮುಖ್ಯ. ಸ್ವಾಧೀನಕ್ಕೂ ಖರೀದಿಗೂ ವ್ಯತ್ಯಾಸ ಇದೆ, ಕಲಂ 96ರ ಮಾಫಿ ಖರೀದಿಗೆ ಬರುವುದಿಲ್ಲ. ಊರ ಹತ್ತಿರದ ಹೊಲವಾದರೆ ಮಾರುವ ಮೊದಲೇ ಯಾರನ್ನಾದರೂ ಕೇಳಿಕೊಳ್ಳಿ.

ಇನ್ನು ಮೂರನೆಯದು, ಬಡ್ಡಿ. ಇದೇ ನಮ್ಮ ಕಾಲಿಗೆ ತೊಡರುವ ಹಗ್ಗ. 2009ರಲ್ಲಿ ಸುಪ್ರೀಂ ಕೋರ್ಟು ಘನಶ್ಯಾಮ್ ಎಂಬವರ ಪ್ರಕರಣದಲ್ಲಿ, ಕಲಂ 28ರ ಬಡ್ಡಿ ಪರಿಹಾರದ್ದೇ ಭಾಗ ಎಂದಿತು. ಅದೇ ವರ್ಷ ಸರ್ಕಾರ ಕಾಯ್ದೆ ತಿದ್ದಿ, ಪರಿಹಾರದ ಮೇಲಿನ ಬಡ್ಡಿ ಕೈಗೆ ಬಂದ ವರ್ಷದಲ್ಲೇ 'ಇತರ ಮೂಲದ ಆದಾಯ' ಆಗುತ್ತದೆ ಎಂದಿತು. ಜೊತೆಗೆ ಒಂದು ಉಪಕಾರವನ್ನೂ ಮಾಡಿತು. ಬಂದ ಬಡ್ಡಿಯಲ್ಲಿ ಸರಿ ಅರ್ಧ ಯಾವ ರಸೀದಿಯೂ ಇಲ್ಲದೆ ಕಳೆಯಬಹುದು, ಕಲಂ 57ರ ನಾಲ್ಕನೇ ಉಪಕಲಂ. ಇದಾದ ಮೇಲೂ ಕೋರ್ಟುಗಳಲ್ಲಿ ಜಗಳ ನಿಂತಿಲ್ಲ. 2016ರಲ್ಲಿ ಗುಜರಾತ್ ಹೈಕೋರ್ಟು ರೈತನ ಪರ ಹೇಳಿತು. 2020ರಲ್ಲಿ ಪಂಜಾಬ್-ಹರಿಯಾಣ ಹೈಕೋರ್ಟು ಇಲಾಖೆಯ ಪರ ಹೇಳಿತು. ಲಕ್ಷಗಟ್ಟಲೆ ತೆರಿಗೆ ಬೀಳುವವರು ವಕೀಲರ ಮೂಲಕ ವಾದಿಸಲಿ. ನನ್ನಂಥವನಿಗೆ ಅರ್ಧ ತೋರಿಸಿದರೂ ತೆರಿಗೆ ಸೊನ್ನೆಯೇ ಬರುವಾಗ, ಪೂರ್ತಿ ಮಾಫಿ ಎಂದು ಹಠ ಹಿಡಿದು ನೋಟಿಸು ತರಿಸಿಕೊಳ್ಳುವುದು ದಡ್ಡತನ. ನಾನು ಮಾಡಿದ್ದು ಅದೇ.

ಮೊದಲ ನೋಟಿಸು: 139(9)

ಸೆಪ್ಟೆಂಬರಿನಲ್ಲಿ ನನ್ನ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂದಿತ್ತಂತೆ. ಸಿಮ್ ಕಂಪನಿಯವರದು ಇರಬೇಕೆಂದು ಬಿಟ್ಟೆ. ನಿಜವಾದ ನೋಟಿಸು ಹೋಗಿದ್ದು ಅಂಗಡಿ ಹುಡುಗನ ಇಮೇಲಿಗೆ. ಅವನ ಹತ್ತಿರ ನಮ್ಮಂಥ ನೂರಾರು ಜನರದು ಬರುತ್ತದೆ, ತೆರೆದೇ ಇಲ್ಲ. ನವೆಂಬರ್ ಕೊನೆಗೆ ಅಡತಿಯವರು, "ಏನ್ರೀ, ನಿಮ್ಮ ದಿಲ್ಲಿ ರೊಕ್ಕ ಇನ್ನಾ ಬರ್ಲಿಲ್ಲೇನ್ರೀ?" ಎಂದು ನಾಲ್ಕು ಜನರೆದುರು ಕೇಳಿದ ಮೇಲೆ ಅಂಗಡಿಗೆ ಓಡಿದೆ. ಹುಡುಕಿ ತೆಗೆದಾಗ ನೋಟಿಸಿನ ಗಡುವು ಮುಗಿದು ಎರಡು ತಿಂಗಳಾಗಿತ್ತು.

ಅದನ್ನು ಹಿಡಿದು ಕಲಬುರಗಿಗೆ, ಪರಿಚಯದ ಒಬ್ಬ ತೆರಿಗೆ ಸಲಹೆಗಾರರ ಬಳಿ ಹೋದೆ. ಅವರು ಓದಿ ನಕ್ಕರು. "ಗೌಡ್ರ, ಇದ್ರಾಗ ಹೆದರೋದು ಏನೂ ಇಲ್ಲ. 'ನಿಮ್ಮ ಕಾಗದ ಊನ ಅದ, ಸರಿ ಮಾಡಿ ಕಳಸ್ರಿ' ಅಂತ ಅಷ್ಟೇ ಬರದಾರ" ಎಂದರು.

ಊನ ಇಷ್ಟೇ. 68,000 ಟಿಡಿಎಸ್ ವಾಪಸ್ ಕೊಡಿ ಎಂದು ಕೇಳಿದ್ದೇವೆ, ಆದರೆ ಯಾವ ಬಡ್ಡಿಯ ಮೇಲೆ ಆ ಟಿಡಿಎಸ್ ಮುರಿದರೋ ಆ ಬಡ್ಡಿಯನ್ನು ಆದಾಯದಲ್ಲಿ ತೋರಿಸಿಯೇ ಇಲ್ಲ. ಬೆಂಗಳೂರಿನಲ್ಲಿ ಇಡೀ ದೇಶದ ರಿಟರ್ನುಗಳನ್ನು ನೋಡುವ ಕೇಂದ್ರ, ಸಿಪಿಸಿ ಎನ್ನುತ್ತಾರೆ, ಅಲ್ಲಿ ಮೊದಲು ತಾಳೆ ನೋಡುವುದು ಯಂತ್ರ. ಒಂದು ಕಡೆ ಮುರಿದವರು ಬರೆದುಕೊಟ್ಟ ಲೆಕ್ಕ, ಇನ್ನೊಂದು ಕಡೆ ನಾವು ಬರೆದದ್ದು. ಎರಡೂ ಕೂಡದಿದ್ದರೆ ನೋಟಿಸು. ಹೊಲ, ಕಾಲುವೆ, ಕೋರ್ಟು ಯಂತ್ರಕ್ಕೆ ತಿಳಿಯುವುದಿಲ್ಲ.

ಈ ನೋಟಿಸಿಗೆ 15 ದಿನದೊಳಗೆ ಉತ್ತರಿಸಿ ರಿಟರ್ನ್ ತಿದ್ದಿ ಕಳಿಸಬೇಕು. ತಿದ್ದಿದರೆ ಮೊದಲು ಹಾಕಿದ ತಾರೀಖೇ ಉಳಿಯುತ್ತದೆ. ಬಿಟ್ಟರೆ ರಿಟರ್ನನ್ನು ಹಾಕಿಯೇ ಇಲ್ಲ ಎಂದು ಲೆಕ್ಕ. ನಾನು ಬಿಟ್ಟಿದ್ದೆ. ಉಳಿದ ದಾರಿ ಒಂದೇ, ಡಿಸೆಂಬರ್ 31ರೊಳಗೆ ತಡದ ರಿಟರ್ನ್. 12 ಡಿಸೆಂಬರ್ 2023ರಂದು ಹಾಕಿಸಿದೆ.

ಆಗ ಮಾಡಿದ ಲೆಕ್ಕವನ್ನು ಬರೆಯುತ್ತೇನೆ, ಬೇರೆಯವರಿಗೂ ಉಪಯೋಗವಾದೀತು. ಬಂದ ಬಡ್ಡಿ 6,80,000. ಅರ್ಧ ಕಳೆದರೆ 3,40,000. ಅದೇ ತೆರಿಗೆಗೆ ಒಳಪಡುವ ಆದಾಯ. ಆ ವರ್ಷ ಬೆಳೆಯಿಂದ ಖರ್ಚು ಕಳೆದು ಉಳಿದದ್ದು 1,60,000. ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ, ಬೇರೆ ಆದಾಯ ಮಾಫಿ ಮಿತಿ ದಾಟಿ, ಬೆಳೆಯದೂ 5,000 ದಾಟಿದರೆ ತೆರಿಗೆಯ ದರ ನಿಗದಿ ಮಾಡಲು ಮಾತ್ರ ಅದನ್ನು ಸೇರಿಸುತ್ತಾರೆ. ಎರಡೂ ಕೂಡಿ 5,00,000 ಆಯಿತು. ಹಳೇ ಪದ್ಧತಿಯಲ್ಲಿ ಅದಕ್ಕೆ ತೆರಿಗೆ 12,500. ಇದರಲ್ಲಿ ಬೆಳೆಯ 1,60,000 ಮತ್ತು ಮಾಫಿಯ 2,50,000 ಕೂಡಿಸಿದ 4,10,000ದ ತೆರಿಗೆ 8,000 ಕಳೆಯಬೇಕು. ಉಳಿದದ್ದು 4,500. ಆದಾಯ 5 ಲಕ್ಷದೊಳಗೆ ಇರುವುದರಿಂದ ಕಲಂ 87ಎ ರಿಯಾಯಿತಿಯಲ್ಲಿ ಅದೂ ಮನ್ನಾ. ತೆರಿಗೆ ಸೊನ್ನೆ, 68,000 ಪೂರ್ತಿ ವಾಪಸ್ ಬರಬೇಕಾದದ್ದು.

ಆದರೆ ತಡವಾದದ್ದಕ್ಕೆ ಕಲಂ 234ಎಫ್ ಪ್ರಕಾರ 1,000 ದಂಡ. ಉಳಿದದ್ದು 67,000.

ಇಲ್ಲೇ ಒಂದು ಮಾತು. ಬೆಳೆಯ ಲೆಕ್ಕಕ್ಕೆ ನಾನು ಗಂಜಿನ ಪಟ್ಟಿಗಳನ್ನು ಇಟ್ಟಿದ್ದೆ, ಬೀಜ-ಗೊಬ್ಬರದ ರಸೀದಿ ಅರ್ಧದಷ್ಟು ಮಾತ್ರ ಇದ್ದವು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಹೆಮ್ಮೆಯ ಮಾತು. ಆದರೆ ಅದನ್ನು ಮಾರಿದ ಪಟ್ಟಿಯನ್ನು ಮಾಡದ ಸಂದಿಯಲ್ಲಿ ತುರುಕಿ ಇಲಿಗೆ ಕೊಡುವುದನ್ನು ನಾವು ಬಿಟ್ಟಿಲ್ಲ. ಬೆಳೆಯ ಆದಾಯ 5,000 ದಾಟಿದರೆ ಒಂದನೇ ನಮೂನೆಯ ರಿಟರ್ನ್ ನಡೆಯುವುದಿಲ್ಲ, ಎರಡನೆಯದು ಬೇಕು. 5 ಲಕ್ಷ ದಾಟಿದರೆ ಹೊಲ ಯಾವ ಜಿಲ್ಲೆ, ಎಷ್ಟು ಎಕರೆ, ಸ್ವಂತವೋ ಲಾವಣಿಯೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಬರೆಯಬೇಕು.

ಎರಡನೆಯದು: 143(1), ಇದು ನೋಟಿಸೇ ಅಲ್ಲ

24 ಜನವರಿ 2024ರಂದು ಬಂದ ಕಾಗದಕ್ಕೆ ಇಂಟಿಮೇಶನ್ ಎಂದು ಹೆಸರು. ರಿಟರ್ನ್ ಹಾಕಿದ ಪ್ರತಿಯೊಬ್ಬರಿಗೂ ಬರುವ ತಿಳಿವಳಿಕೆ ಪತ್ರ, ಅಷ್ಟೇ. ಇದನ್ನೇ ನೋಡಿ ನಮ್ಮೂರಲ್ಲಿ ಒಬ್ಬರು ಎರಡು ದಿನ ಊಟ ಬಿಟ್ಟಿದ್ದರು.

ತೆರೆಯಲು ಗುಪ್ತ ಪದ ಕೇಳುತ್ತದೆ. ಸಣ್ಣ ಅಕ್ಷರದಲ್ಲಿ ಪ್ಯಾನ್ ನಂಬರು, ಅದಕ್ಕೆ ಹತ್ತಿಕೊಂಡು ಹುಟ್ಟಿದ ದಿನ, ತಿಂಗಳು, ವರ್ಷ. ಹುಟ್ಟಿದ ದಿನ ಎಂದರೆ ಪ್ಯಾನ್ ಕಾರ್ಡಿನಲ್ಲಿ ಇರುವುದು. ನನ್ನ ಅವ್ವ ಹೇಳುವುದು ನಾಗರ ಪಂಚಮಿಯ ಮರುದಿನ, ಕಾರ್ಡಿನಲ್ಲಿ ಇರುವುದು ಶಾಲೆಯ ಮಾಸ್ತರರು ಬರೆದ ಜೂನ್ 1. ಕಾಗದ ತೆರೆಯುವುದು ಮಾಸ್ತರರ ತಾರೀಖಿಗೇ.

ಒಳಗೆ ಎರಡು ಸಾಲು ಅಂಕಿ ಅಕ್ಕಪಕ್ಕ ಇರುತ್ತವೆ. ಎಡಕ್ಕೆ ನೀವು ಬರೆದುಕೊಟ್ಟದ್ದು, ಬಲಕ್ಕೆ ಅವರು ಲೆಕ್ಕ ಹಾಕಿದ್ದು. ಇಂಗ್ಲಿಷ್ ಬರದಿದ್ದರೂ ಅಂಕಿ ಬರುತ್ತದಲ್ಲ! ಒಂದು ಕಡ್ಡಿ ಹಿಡಿದು ಮೇಲಿನಿಂದ ಕೆಳಗೆ ಬನ್ನಿ. ಎಡ ಬಲ ಎಲ್ಲಿ ಬೇರೆಯಾಗುತ್ತದೋ ಅಲ್ಲಿಯೇ ವಿಷಯ ಇರುವುದು. ಎಲ್ಲ ಒಂದೇ ಇದ್ದರೆ ಕೊನೆಯ ಸಾಲು ನೋಡಿ, ಕೊಡುವುದೋ, ತೆಗೆದುಕೊಳ್ಳುವುದೋ, ಎರಡೂ ಇಲ್ಲವೋ. ಟಿಡಿಎಸ್ಸಿನ ಸಾಲಿನಲ್ಲಿ ಎಡಕ್ಕೆ 68,000 ಇದ್ದು ಬಲಕ್ಕೆ ಸೊನ್ನೆ ಇದ್ದರೆ ನಿಮ್ಮ ಟಿಡಿಎಸ್ ಅವರ ಪುಸ್ತಕದಲ್ಲಿ ಇಲ್ಲ ಎಂದರ್ಥ. ಅವರ ಲೆಕ್ಕ ತಪ್ಪೆಂದು ಗೊತ್ತಾದರೆ ಕಲಂ 154ರಲ್ಲಿ ತಿದ್ದುಪಡಿ ಕೇಳಬಹುದು, ಅದಕ್ಕೆ ಆದೇಶದ ಹಣಕಾಸು ವರ್ಷ ಮುಗಿದ ಮೇಲೆ ನಾಲ್ಕು ವರ್ಷ ಅವಕಾಶ ಇದೆ. ಕೆಲವೊಮ್ಮೆ ಲೆಕ್ಕ ಬದಲಿಸುವ ಮೊದಲೇ 'ಹೀಗೆ ಬದಲಿಸಲಿದ್ದೇವೆ' ಎಂದು ಒಂದು ಕಾಗದ ಬರುತ್ತದೆ. ಅದಕ್ಕೆ 30 ದಿನ.

ವರ್ಷದ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನಗೆ ರೊಕ್ಕ ಬಂದದ್ದು 2022-23ರಲ್ಲಿ. ಕಾಗದದ ಮೇಲೆ 2023-24 ಎಂದಿತ್ತು. ಇದು ಯಾರದೋ ಬೇರೆಯವರ ಕಾಗದ ಎಂದುಕೊಂಡೆ. ರೊಕ್ಕ ಬಂದ ವರ್ಷದ ಮುಂದಿನ ವರ್ಷವೇ ಕರ ನಿರ್ಧರಣೆ ವರ್ಷ, ಕಾಗದಗಳಲ್ಲಿ ಅದನ್ನೇ ಬರೆಯುತ್ತಾರೆ. ಹೊಸ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಎರಡು ವರ್ಷದ ತೊಡಕು ತೆಗೆದು 'ತೆರಿಗೆ ವರ್ಷ' ಒಂದನ್ನೇ ಇಟ್ಟಿದ್ದಾರೆ. ಕಲಂ ನಂಬರುಗಳೂ ಬೇರೆ. ಅದರ ಜಾರಿ ದಿನ 2026ರ ಏಪ್ರಿಲ್ 1. ಅದಕ್ಕೂ ಹಿಂದಿನ ವರ್ಷಗಳ ವ್ಯವಹಾರ ಹಳೇ ಕಾಯ್ದೆಯ ಪ್ರಕಾರವೇ, ನಾನು ಇಲ್ಲಿ ಬರೆದ ನಂಬರುಗಳೆಲ್ಲ ಹಳೆಯವು.

ಮೂರನೆಯದು: ರೀಫಂಡ್ ಫೇಲ್

67,000 ಮತ್ತು ಬಡ್ಡಿ 670 ಮಂಜೂರು ಎಂದಿತ್ತು ಆ ಕಾಗದ. ಮನೆಯವಳಿಗೆ ಹೇಳಿದೆ, ಅಡತಿಯವರಿಗೂ ಹೇಳಿದೆ. ಹದಿನೈದು ದಿನದ ಮೇಲೆ ಬಂದ ಸಂದೇಶದಲ್ಲಿ 'ಫೇಲ್' ಎಂಬ ಮಾತು ಇತ್ತು. ನನ್ನ ಅರ್ಜಿಯೇ ಫೇಲಾಯಿತು ಎಂದುಕೊಂಡು ಎದೆ ಧಸಕ್ಕೆಂದಿತು. ಈ ಸಲ ಸಂದೇಶ ಬಿಡದೆ ಅದೇ ದಿನ ಕಲಬುರಗಿ ಬಸ್ಸು ಹತ್ತಿದೆ.

ಫೇಲಾದದ್ದು ಅರ್ಜಿಯಲ್ಲ, ಬ್ಯಾಂಕ್ ಖಾತೆ. 2019ರ ಮಾರ್ಚ್‌ನಿಂದ ಚೆಕ್ಕು ಕಳಿಸುವ ಪದ್ಧತಿ ಇಲ್ಲ. ಪ್ಯಾನಿಗೆ ಜೋಡಿಸಿ, ಇಲಾಖೆಯ ತಾಣದಲ್ಲಿ ಮೊದಲೇ ಖಾತ್ರಿ ಮಾಡಿಸಿದ ಖಾತೆಗೆ ಮಾತ್ರ ರೊಕ್ಕ. ನನ್ನ ಪ್ಯಾನ್‌ನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಮೂರೂ ಇವೆ. ಪಾಸ್‌ಬುಕ್ಕಿನಲ್ಲಿ ನನ್ನ ಹೆಸರು ಒಂದೇ, ಅದೂ ಇಂಗ್ಲಿಷಿನ ಒಂದು ಅಕ್ಷರ ಕಡಿಮೆ. ಯಂತ್ರದ ಲೆಕ್ಕದಲ್ಲಿ ಇಬ್ಬರು ಬೇರೆ ಮನುಷ್ಯರು.

ಬ್ಯಾಂಕಿನಲ್ಲಿ ಆಧಾರ್, ಪ್ಯಾನ್ ಕೊಟ್ಟು ಹೆಸರು ಸರಿ ಮಾಡಿಸಿದೆ. ತಾಣದಲ್ಲಿ ಖಾತೆಯನ್ನು ಖಾತ್ರಿ ಮಾಡಿಸಿ, 'ರೀಫಂಡ್ ರೀಇಶ್ಯೂ' ಎಂಬಲ್ಲಿ ಮತ್ತೆ ಕೇಳಿಕೊಂಡೆ. ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ ಸಾಕು. ಮಾರ್ಚ್ ಮೂರನೇ ವಾರ 67,670 ಖಾತೆಗೆ ಬಿತ್ತು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ನಮಗೆ ಬ್ಯಾಂಕು ಎಂದರೆ ಹೈದರಾಬಾದ್ ಬ್ಯಾಂಕೇ ಆಗಿತ್ತು. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕೂಡಿತು. ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು, 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಸೇರಿತು. ಹಳೇ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಸಂಖ್ಯೆ ಬರೆಯಬೇಡಿ, ಹೊಸದನ್ನು ಶಾಖೆಯಲ್ಲಿ ಕೇಳಿ ಬರೆಸಿ.

ಪ್ಯಾನ್-ಆಧಾರ್ ಜೋಡಣೆಯೂ ನೋಡಿಕೊಳ್ಳಿ. 2023ರ ಜುಲೈ 1ರಿಂದ ಜೋಡಿಸದ ಪ್ಯಾನ್ ನಿಷ್ಕ್ರಿಯ. ಅಂಥವರಿಗೆ ರೀಫಂಡೂ ಇಲ್ಲ, ಆ ಅವಧಿಯ ಬಡ್ಡಿಯೂ ಇಲ್ಲ, ಟಿಡಿಎಸ್ ಬೇರೆ ಹೆಚ್ಚಿನ ದರದಲ್ಲಿ ಮುರಿಯುತ್ತಾರೆ. 1,000 ರೂಪಾಯಿ ಕಟ್ಟಿ ಜೋಡಿಸಬಹುದು.

ನಷ್ಟದ ಲೆಕ್ಕ ಹೇಳಲೇಬೇಕು. ಜುಲೈಯಲ್ಲೇ ಸರಿಯಾಗಿ ಹಾಕಿದ್ದರೆ ಕಲಂ 244ಎ ಪ್ರಕಾರ ಏಪ್ರಿಲ್ 1ರಿಂದಲೇ ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿ, ಅಂದರೆ 340 ಬಡ್ಡಿ ನನಗೆ ಬರುತ್ತಿತ್ತು. ತಡವಾಗಿ ಹಾಕಿದ್ದಕ್ಕೆ ಹಾಕಿದ ದಿನದಿಂದ ಮಾತ್ರ ಲೆಕ್ಕ, ಡಿಸೆಂಬರ್ ಮತ್ತು ಜನವರಿ ಎರಡೇ ತಿಂಗಳು. ದಂಡ 1,000 ಹೋಯಿತು. ಇವೆಲ್ಲ ಸಣ್ಣವು. ಸೆಪ್ಟೆಂಬರಿನಲ್ಲಿ ತೀರಬಹುದಾಗಿದ್ದ ಅಡತಿ ಸಾಲ ಮಾರ್ಚ್‌ವರೆಗೆ ನಡೆಯಿತು. 60,000ಕ್ಕೆ ತಿಂಗಳಿಗೆ 1,200ರಂತೆ ಆರು ತಿಂಗಳಿಗೆ 7,200. ಸರ್ಕಾರ ಕೊಡುವ ಬಡ್ಡಿಯ ನಾಲ್ಕು ಪಟ್ಟು ಬಡ್ಡಿಯನ್ನು ನಾನು ಕಟ್ಟುತ್ತಿದ್ದೆ. ತೊಗರಿ ರಾಶಿಯಾದ ಕೂಡಲೇ ರೇಟು ನೋಡದೆ ಅವರ ಅಂಗಡಿಗೇ ಹಾಕಬೇಕಾಯಿತು, ಅದರ ನಷ್ಟ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ನಾಲ್ಕನೆಯದು: 245, ಇದು ನನ್ನದಲ್ಲ

ಶಹಾಬಾದ ಕಡೆ ನಮ್ಮ ಸೋದರಮಾವ ಒಬ್ಬರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿ ಈಗ ಆರು ಎಕರೆ ನೋಡಿಕೊಂಡಿದ್ದಾರೆ. ಅವರ ಠೇವಣಿಯ ಬಡ್ಡಿಯಲ್ಲಿ ಟಿಡಿಎಸ್ ಮುರಿದಿತ್ತು, ವಾಪಸ್ ಕೇಳಿದ್ದರು. ಬಂದದ್ದು ಕಲಂ 245ರ ನೋಟಿಸು. 2012-13ರ ಕರ ನಿರ್ಧರಣೆ ವರ್ಷದ 4,870 ರೂಪಾಯಿ ಬಾಕಿ ಇದೆ, ಅದನ್ನು ಈ ರೀಫಂಡಿನಲ್ಲಿ ಮುರಿದುಕೊಳ್ಳಲಿದ್ದೇವೆ ಎಂದು.

"ಅಳಿಯಾ, ನಾ ಯಾವತ್ತೂ ಸರ್ಕಾರದ ರೊಕ್ಕ ಇಟ್ಕೊಂಡಾವಲ್ಲ" ಎಂದು ಮಾವ ಕಣ್ಣಲ್ಲಿ ನೀರು ತಂದುಕೊಂಡರು. ಹಳೇ ಪೆಟ್ಟಿಗೆ ತೆಗೆದು ನೋಡಿದರೆ ಆ ವರ್ಷದ ಫಾರಂ 16 ಸಿಕ್ಕಿತು. ಸಂಬಳದಲ್ಲಿ ತೆರಿಗೆ ಮುರಿದಿದ್ದರು, ಆದರೆ ಇಲಾಖೆಯ ಲೆಕ್ಕದಲ್ಲಿ ಒಂದು ಭಾಗ ಏರಿರಲಿಲ್ಲ. ಇಂಥದಕ್ಕೆ ತಾಣದಲ್ಲಿ ಪೆಂಡಿಂಗ್ ಆಕ್ಷನ್ಸ್ ಎಂಬಲ್ಲಿ ಹೋಗಿ, ಬಾಕಿಯನ್ನು ಒಪ್ಪುತ್ತೇನೆ ಅಥವಾ ಒಪ್ಪುವುದಿಲ್ಲ ಎಂದು ಕಾರಣ ಸಮೇತ ಉತ್ತರಿಸಬೇಕು. ಎಷ್ಟು ದಿನದೊಳಗೆ ಎಂಬುದು ನೋಟಿಸಿನಲ್ಲೇ ಇರುತ್ತದೆ. ಸುಮ್ಮನಿದ್ದರೆ ಒಪ್ಪಿಕೊಂಡಂತೆ, ಮುರಿದುಕೊಳ್ಳುತ್ತಾರೆ. ಕಾಯ್ದೆಯ ಕಲಂ 205 ಸಹ ನಮ್ಮ ಪರ ಇದೆ. ಕೈಯಿಂದ ಒಮ್ಮೆ ತೆರಿಗೆ ಮುರಿದ ಮೇಲೆ ಅದನ್ನೇ ಮತ್ತೆ ಆ ಮನುಷ್ಯನಿಂದ ವಸೂಲಿ ಮಾಡುವಂತಿಲ್ಲ. ಮಾವ ಒಪ್ಪುವುದಿಲ್ಲ ಎಂದೇ ಬರೆಸಿದರು.

ಅಷ್ಟರಲ್ಲಿ 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ಸಣ್ಣ ಹಳೇ ಬಾಕಿಗಳನ್ನು ಬಿಟ್ಟುಬಿಡುವ ಘೋಷಣೆ ಬಂತು. 2010-11ರ ಕರ ನಿರ್ಧರಣೆ ವರ್ಷದವರೆಗೆ ಒಂದೊಂದು ಬಾಕಿ 25,000ದವರೆಗೆ, 2011-12ರಿಂದ 2015-16ರವರೆಗೆ 10,000ದವರೆಗೆ, ಒಬ್ಬರಿಗೆ ಒಟ್ಟು ಒಂದು ಲಕ್ಷದ ಮಿತಿ. ಮಾವನ 4,870 ಅದರಲ್ಲಿ ಅಳಿಸಿಹೋಯಿತು. ಹಿಂದೆ ನೌಕರಿಯಲ್ಲಿದ್ದು ಈಗ ಹೊಲ ಹಿಡಿದವರು ತಮ್ಮ ಹೆಸರಿನಲ್ಲಿ ಇಂಥ ಬಾಕಿ ಇನ್ನೂ ತೋರಿಸುತ್ತಿದೆಯೇ ಎಂದು ಒಮ್ಮೆ ನೋಡಿಸಿಕೊಳ್ಳಿ.

ಟಿಡಿಎಸ್ ಪುಸ್ತಕದಲ್ಲೇ ಇಲ್ಲದಿದ್ದರೆ

ಚಿಂಚೋಳಿ ಕಡೆಯ ನಮ್ಮ ಬೀಗರದು ಬೇರೆ ಕಥೆ. ಅವರಿಗೂ ಬಡ್ಡಿಯಲ್ಲಿ ಮುರಿದರು, ಆದರೆ ಮುರಿದ ಕಚೇರಿ ಪ್ಯಾನ್ ಬರೆಯುವಾಗ ಒಂದು ಅಕ್ಷರ ತಪ್ಪಿಸಿತ್ತು. 26ಎಎಸ್ ಎಂಬ ತಖ್ತೆಯಲ್ಲಿ ಅವರ ಹೆಸರಿನಡಿ ಸೊನ್ನೆ. ಇದನ್ನು ಸರಿಪಡಿಸುವುದು ಮುರಿದ ಕಚೇರಿಯಿಂದಲೇ ಆಗಬೇಕು, ತಿದ್ದುಪಡಿ ಲೆಕ್ಕಪತ್ರ ಕಳಿಸಬೇಕು. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಅರ್ಜಿ ಬರೆದು ಎರಡನೇ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಬೀಗರು ನಾಲ್ಕು ಸಲ ಬಾಯಿಮಾತಿನಲ್ಲಿ ಹೇಳಿ ಬಂದಿದ್ದರು, ಐದನೇ ಸಲ ಮೊಹರು ಹಾಕಿಸಿದ ಮೇಲೆ ಕೆಲಸ ಹೊರಟಿತು. ರೊಕ್ಕ ತೆಗೆದುಕೊಳ್ಳುವ ದಿನವೇ ಪ್ಯಾನ್ ಸರಿ ಬರೆದಿದ್ದಾರೆಯೇ ನೋಡಿ, ಫಾರಂ 16ಎ ಕೇಳಿ ಪಡೆಯಿರಿ.

ಪಹಣಿ ಅಣ್ಣನ ಹೆಸರಿನಲ್ಲಿ, ರೊಕ್ಕ ನಾಲ್ಕು ಜನ ತಮ್ಮಂದಿರಿಗೆ ಪಾಲು, ಇಂಥದು ನಮ್ಮಲ್ಲಿ ಮನೆಮನೆಗೆ ಇದೆ. ಟಿಡಿಎಸ್ ಪೂರ್ತಿ ಅಣ್ಣನ ಪ್ಯಾನಿಗೆ ಹೋಗುತ್ತದೆ, ಬಡ್ಡಿ ಪೂರ್ತಿ ಅವನದೇ ಎಂದಾಗಿ ತೆರಿಗೆಯೂ ಬೀಳುತ್ತದೆ. ಆದಾಯ ಯಾರ್ಯಾರದು ಎಂದು ಮುರಿಯುವ ಕಚೇರಿಗೆ ಮೊದಲೇ ಘೋಷಣೆ ಕೊಟ್ಟರೆ ಪಾಲಿನ ಪ್ರಕಾರ ಬರೆಯಲು ನಿಯಮ 37ಬಿಎಯಲ್ಲಿ ಅವಕಾಶ ಇದೆ. ರೊಕ್ಕ ಹಂಚಿಕೊಂಡ ಮೇಲೆ ಹೇಳಿದರೆ ಕಷ್ಟ.

ವರ್ಷ ದಾಟಿಹೋದವರು ಪೂರ್ತಿ ಕೈಬಿಡಬೇಕಿಲ್ಲ. ಕಲಂ 119(2)(ಬಿ) ಪ್ರಕಾರ ತಡ ಮನ್ನಿಸಲು ಕೇಳಬಹುದು. 2024ರ 11ನೇ ಸುತ್ತೋಲೆಯಂತೆ ಕರ ನಿರ್ಧರಣೆ ವರ್ಷ ಮುಗಿದು ಐದು ವರ್ಷದೊಳಗೆ ಅರ್ಜಿ ಕೊಡಬೇಕು. 2020-21ರಲ್ಲಿ ರೊಕ್ಕ ಪಡೆದವರಿಗೆ ಆ ಗಡುವು 2027ರ ಮಾರ್ಚ್ 31. ತಡ ಯಾಕಾಯಿತು ಎಂಬುದಕ್ಕೆ ನಿಜವಾದ ಕಾರಣ ಬೇಕು, ಮತ್ತು ಇಂಥ ರೀಫಂಡಿಗೆ ಬಡ್ಡಿ ಸಿಗುವುದಿಲ್ಲ.

ಕಾಗದ ನಿಜವೋ ಸುಳ್ಳೋ

2019ರ ಅಕ್ಟೋಬರ್ 1ರಿಂದ ಇಲಾಖೆಯ ಕಾಗದಕ್ಕೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಇಲಾಖೆಯ ತಾಣದ ಮೊದಲ ಪುಟದಲ್ಲೇ ನೋಟಿಸು ಅಸಲಿಯೇ ಎಂದು ನೋಡುವ ಜಾಗ ಇದೆ, ಲಾಗಿನ್ ಬೇಡ. 2023ರ ಆಗಸ್ಟಿನಲ್ಲಿ '15,490 ರೂಪಾಯಿ ರೀಫಂಡ್ ಮಂಜೂರಾಗಿದೆ, ಖಾತೆ ನಂಬರು ಖಾತ್ರಿ ಮಾಡಿ' ಎಂಬ ಸುಳ್ಳು ಸಂದೇಶ ದೇಶವೆಲ್ಲ ಓಡಾಡಿತು, ಸರ್ಕಾರದ ಸುದ್ದಿ ವಿಭಾಗವೇ ಅದು ಸುಳ್ಳೆಂದು ಹೇಳಬೇಕಾಯಿತು. ರೀಫಂಡ್ ಕೊಡಲು ಯಾರೂ ಓಟಿಪಿ, ಪಿನ್ ಕೇಳುವುದಿಲ್ಲ. ಅನುಮಾನ ಬಂದರೆ 1800 103 0025ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.

'ನಿಮಗೆ ಹೆಚ್ಚು ರೀಫಂಡ್ ತೆಗೆಸಿಕೊಡುತ್ತೇವೆ, ಅದರಲ್ಲಿ ಇಷ್ಟು ಪಾಲು ಕೊಡಿ' ಎಂದು ಬರುವವರನ್ನು ಹೊಸ್ತಿಲಲ್ಲೇ ನಿಲ್ಲಿಸಿ. ಇಲ್ಲದ ಖರ್ಚು ತೋರಿಸಿ ರೀಫಂಡ್ ತೆಗೆಸುವವರ ಮೇಲೆ 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ತಪಾಸಣೆ ಮಾಡಿತು. ರಿಟರ್ನಿನ ಮೇಲೆ ಇರುವುದು ನಿಮ್ಮ ಹೆಸರು, ಅವರದಲ್ಲ.

ಬ್ಯಾಂಕ್ ಠೇವಣಿ ಇರುವವರಿಗೆ ಟಿಡಿಎಸ್ ಮುರಿಯದಂತೆಯೇ ಮಾಡಿಕೊಳ್ಳುವ ದಾರಿ ಇದೆ. 2025ರ ಏಪ್ರಿಲ್‌ನಿಂದ ವರ್ಷದ ಬಡ್ಡಿ 50,000, ಅರವತ್ತು ತುಂಬಿದವರಿಗೆ ಒಂದು ಲಕ್ಷ ದಾಟುವವರೆಗೆ ಬ್ಯಾಂಕು ಮುರಿಯುವುದಿಲ್ಲ. ದಾಟಿದರೂ ತೆರಿಗೆ ಬೀಳದವರು ವರ್ಷದ ಮೊದಲೇ ಘೋಷಣಾ ಪತ್ರ ಕೊಡಬಹುದು. ಹಳೇ ಕಾಯ್ದೆಯಲ್ಲಿ ಅದಕ್ಕೆ 15ಜಿ, ಹಿರಿಯರಿಗೆ 15ಎಚ್ ಎನ್ನುತ್ತಿದ್ದರು.

ನಾನು ಈಗ ಮಾಡಿಕೊಂಡಿರುವ ವ್ಯವಸ್ಥೆ ಇಷ್ಟು. ಮಗನಿಂದ ನನ್ನ ಹೆಸರಿನಲ್ಲೇ ಇಮೇಲ್ ಮಾಡಿಸಿ, ತಾಣದಲ್ಲಿ ಅಂಗಡಿ ಹುಡುಗನದು ತೆಗೆಸಿ ನನ್ನದು ಹಾಕಿಸಿದ್ದೇನೆ. ಗುಪ್ತ ಪದ ನನ್ನ ಬಳಿಯೇ ಇದೆ. ರಿಟರ್ನ್ ಹಾಕಿದ ದಿನವೇ ಆಧಾರ್ ಓಟಿಪಿಯಿಂದ ದೃಢೀಕರಿಸುತ್ತೇನೆ, ಅದಕ್ಕೆ ಇರುವುದು 30 ದಿನ. ಜುಲೈಯಿಂದ ಮಾರ್ಚ್‌ವರೆಗೆ ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲವಲ್ಲ, ಅಂದು ಮಗನನ್ನು ಕೂರಿಸಿಕೊಂಡು ಇಮೇಲ್ ತೆಗೆಸಿ ನೋಡುತ್ತೇನೆ. ರೀಫಂಡಿನ ಜೊತೆ ಬಂದ 670 ರೂಪಾಯಿ ಬಡ್ಡಿಗೂ ತೆರಿಗೆ ಲೆಕ್ಕ ಇದೆ, ಅದನ್ನು ಆ ವರ್ಷದ ರಿಟರ್ನಿನಲ್ಲಿ ತೋರಿಸಿದೆ. ಆ ಸಲ ಎಡಕ್ಕೂ ಬಲಕ್ಕೂ ಒಂದೇ ಅಂಕಿ ಬಂತು.